ಬಾವಿಯ ದಿನಾಂಕ, ನಕ್ಷೆಯ ಸೂತ್ರ: ಕ್ಯೂಜಿಐಎಸ್‌ನಲ್ಲಿ ಲೆಕ್ಕದ ಚಿಹ್ನೆಗಳನ್ನೂ ದಿನಾಂಕದ ಫಂಕ್ಷನ್‌ಗಳನ್ನೂ ಬಳಸುವ ಬಗೆ

ನಮ್ಮ ನಕ್ಷೆಯಲ್ಲಿ 63 ಬಿಂದುಗಳಿವೆ. ಅಷ್ಟೂ ತಿಪಟೂರು ತಾಲ್ಲೂಕಿನ ಆರು ಹಳ್ಳಿಗಳ ತೆರೆದ ಬಾವಿಗಳು. ಕೆಲವು ತೆಂಗಿನ ತೋಟದ ನಡುವೆ ಇವೆ, ಕೆಲವು ಊರ ಬಾಗಿಲಲ್ಲೇ ಇವೆ. ಕೊಳವೆಬಾವಿ ಬಂದ ಮೇಲೆ ಹಲವನ್ನು ಜನ ಮರೆತಿದ್ದಾರೆ. ನಾನು ಮತ್ತು ಊರಿನ ನಾಲ್ಕು ಮಂದಿ ಯುವಕ ಯುವತಿಯರು ಸರದಿಯ ಮೇಲೆ ಹೋಗಿ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆಯುತ್ತೇವೆ, ದಿನಾಂಕ ಬರೆದುಕೊಳ್ಳುತ್ತೇವೆ, ಸಂಜೆ ಅದನ್ನು ಕ್ಯೂಜಿಐಎಸ್‌ಗೆ ತುಂಬುತ್ತೇವೆ. ಇದು ಉಚಿತವಾಗಿ ಸಿಗುವ ನಕ್ಷೆಯ ತಂತ್ರಾಂಶ. 2002ರಲ್ಲಿ ಗ್ಯಾರಿ ಶೆರ್ಮನ್ ಇದನ್ನು ಆರಂಭಿಸಿದರು, ಈಗ ಜಗತ್ತಿನ ಹಲವು ದೇಶಗಳ ಜನ ಸೇರಿ ಬೆಳೆಸುತ್ತಿದ್ದಾರೆ.

ಅಳತೆಯ ಕೆಲಸ ಕಷ್ಟವಲ್ಲ. ಯಾವ ಬಾವಿಯನ್ನು ಅಳೆದು ಎಷ್ಟು ದಿನವಾಯಿತು, ಮುಂಗಾರಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ನಕ್ಷೆಯಿಂದಲೇ ಹೇಳಿಸುವುದು ಕಷ್ಟ. ಅದಕ್ಕೆ ಸೂತ್ರ ಬರೆಯಬೇಕು. ಸೂತ್ರ ತಪ್ಪಿದರೂ ನಕ್ಷೆ ಬಣ್ಣ ಬಣ್ಣವಾಗಿ ಮೂಡಿಬಿಡುತ್ತದೆ, ತಪ್ಪಾಗಿದೆ ಎಂದು ಯಾರೂ ಎಚ್ಚರಿಸುವುದಿಲ್ಲ. ಅಳೆಯಬೇಕಾದ ಬಾವಿ ಹಸಿರಾಗಿ ಕಾಣುತ್ತದೆ, ನಾವು ಆ ಕಡೆ ಹೋಗುವುದೇ ಇಲ್ಲ. ಹಾಗೆ ಒಂದು ಇಡೀ ಬೇಸಿಗೆಯ ಅಳತೆ ಕೈತಪ್ಪಿದ ಮೇಲೆ ಈ ಟಿಪ್ಪಣಿ ಬರೆಯಲೇಬೇಕು ಎನಿಸಿತು. ಕಳೆದುಹೋದ ಮೇ ತಿಂಗಳ ನೀರಿನ ಮಟ್ಟವನ್ನು ಜೂನ್‌ನಲ್ಲಿ ಹೋಗಿ ತರಲಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನಮ್ಮ ತಂಡದವರಿಗೆ ಸೂತ್ರಗಳನ್ನು ಫೋನಿನಲ್ಲಿ ಓದಿ ಹೇಳುತ್ತೇನೆ, ಇಲ್ಲಿಯೂ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಫಂಕ್ಷನ್ (ಕೊಟ್ಟ ಬೆಲೆಯಿಂದ ಉತ್ತರ ತೆಗೆದುಕೊಡುವ ಸಿದ್ಧ ಲೆಕ್ಕ) ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಆದರೆ ನೀವು ಅದನ್ನು ಟೈಪ್ ಮಾಡಬೇಕಾಗಿಲ್ಲ. ಸೂತ್ರದ ಕಿಟಕಿಯ ಮಧ್ಯದಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ‘ಆಪರೇಟರ್ಸ್’ ಎಂಬ ಗುಂಪಿನಲ್ಲಿ ಚಿಹ್ನೆಗಳೂ ‘ಡೇಟ್ ಆ್ಯಂಡ್ ಟೈಮ್’ ಎಂಬ ಗುಂಪಿನಲ್ಲಿ ದಿನಾಂಕದ ಫಂಕ್ಷನ್‌ಗಳೂ ಇರುತ್ತವೆ. ಬೇಕಾದ ಹೆಸರಿನ ಮೇಲೆ ಎರಡು ಬಾರಿ ಒತ್ತಿದರೆ ಅದು ಸರಿಯಾದ ಕಾಗುಣಿತದಲ್ಲಿ ಸೂತ್ರದೊಳಗೆ ಬಂದು ಕೂರುತ್ತದೆ, ಬಲಗಡೆ ಅದರ ವಿವರಣೆ ತೆರೆದುಕೊಳ್ಳುತ್ತದೆ. ಫೀಲ್ಡ್‌ಗಳ (ಅಂದರೆ ಕಾಲಂಗಳ) ಹೆಸರನ್ನು ಮಾತ್ರ ನಾನು ನಿಜವಾಗಿಯೂ ಕನ್ನಡದಲ್ಲೇ ಇಟ್ಟಿದ್ದೇನೆ, ಅದು ಚೆನ್ನಾಗಿ ನಡೆಯುತ್ತದೆ. ಆದರೆ ನಕ್ಷೆಯ ಮಾಹಿತಿ ಉಳಿಸುವ ಕಡತ ಜಿಯೋಪ್ಯಾಕೇಜ್ ಎಂಬ ಬಗೆಯದಾಗಿರಲಿ. ಹಳೆಯ ಶೇಪ್‌ಫೈಲ್‌ನಲ್ಲಿ ಫೀಲ್ಡ್ ಹೆಸರಿಗೆ 10 ಬೈಟ್ ಮಾತ್ರ ಜಾಗ, ಕನ್ನಡದ ಒಂದೊಂದು ಅಕ್ಷರಭಾಗವೂ ಯೂನಿಕೋಡ್‌ನಲ್ಲಿ 3 ಬೈಟ್ ನುಂಗುತ್ತದೆ. ‘ದಿನಾಂಕ’ ಎಂಬ ಹೆಸರೇ ಅಲ್ಲಿ ಪೂರ್ತಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಶೇಪ್‌ಫೈಲ್‌ನ ದಿನಾಂಕದ ಫೀಲ್ಡ್‌ನಲ್ಲಿ ಗಂಟೆ ನಿಮಿಷ ಉಳಿಯುವುದಿಲ್ಲ.

ಸೂತ್ರ ಬರೆಯುವ ಕಿಟಕಿ ಹಲವು ಕಡೆಯಿಂದ ತೆರೆಯುತ್ತದೆ: ಹೊಸ ಕಾಲಂ ತುಂಬುವ ಫೀಲ್ಡ್ ಕ್ಯಾಲ್ಕುಲೇಟರ್, ಷರತ್ತು ಹೇಳಿ ಬಿಂದುಗಳನ್ನು ಆರಿಸುವ ಜಾಗ, ಬಣ್ಣ ಕೊಡುವ ನಿಯಮಗಳು, ಬಿಂದುವಿನ ಪಕ್ಕ ಬರಹ ತೋರಿಸುವ ಲೇಬಲ್. ಎಲ್ಲ ಕಡೆಯೂ ಕಿಟಕಿ ಒಂದೇ, ವ್ಯಾಕರಣವೂ ಒಂದೇ. ಕಿಟಕಿಯ ಕೆಳಗೆ ‘ಪ್ರಿವ್ಯೂ’ ಎಂಬ ಸಾಲಿದೆ. ಯಾವ ಬಿಂದುವಿಗೆ ಸೂತ್ರ ಏನು ಉತ್ತರ ಕೊಡುತ್ತದೆ ಎಂದು ಅಲ್ಲಿ ಒಂದೊಂದಾಗಿ ನೋಡಬಹುದು. ನಾನು ಮೂರು ಬಾವಿಗಳನ್ನು ಇದಕ್ಕೆಂದೇ ಗುರುತು ಮಾಡಿಕೊಂಡಿದ್ದೇನೆ: ಉತ್ತರ ನನಗೆ ಬಾಯಿಪಾಠವಾಗಿರುವ ಒಂದು, ಬತ್ತಿಹೋದ ಒಂದು, ಇನ್ನೂ ಅಳೆಯದ ಒಂದು. ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ‘ಓಕೆ’ ಒತ್ತುತ್ತೇನೆ.

ಇನ್ನು ಉದ್ಧರಣ ಚಿಹ್ನೆ. ಜೋಡಿ ಚಿಹ್ನೆಯೊಳಗೆ ಬರೆದದ್ದು ಫೀಲ್ಡ್, ಒಂಟಿ ಚಿಹ್ನೆಯೊಳಗೆ ಬರೆದದ್ದು ಬರೀ ಪಠ್ಯ. "ಊರು" ಎಂದರೆ ಆ ಬಾವಿಯ ಊರಿನ ಹೆಸರು, 'ಊರು' ಎಂದರೆ ಊರು ಎಂಬ ಎರಡಕ್ಷರ ಅಷ್ಟೇ. ಇವು ಅದಲುಬದಲಾದರೆ ತಂತ್ರಾಂಶ ಬಹಳ ಸಲ ಗೊಣಗದೆ ಒಪ್ಪಿಕೊಳ್ಳುತ್ತದೆ, ಆಮೇಲೆ ಒಂದೋ ಎಲ್ಲ ಬಾವಿಗಳೂ ಆಯ್ಕೆಯಾಗುತ್ತವೆ, ಇಲ್ಲವೇ ಒಂದೂ ಆಗುವುದಿಲ್ಲ. ಇನ್ನೊಂದು ತೊಂದರೆ ನಕಲು ಮಾಡಿ ಅಂಟಿಸುವುದರಿಂದ ಬರುತ್ತದೆ. ಪತ್ರ ಬರೆಯುವ ತಂತ್ರಾಂಶಗಳು ನೆಟ್ಟಗಿರುವ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿಬಿಡುತ್ತವೆ, ಅದನ್ನು ಕ್ಯೂಜಿಐಎಸ್ ಗುರುತಿಸುವುದಿಲ್ಲ. ಅಂಟಿಸಿದ ಸೂತ್ರ ಕೆಂಪಾದರೆ ಮೊದಲು ಚಿಹ್ನೆಗಳನ್ನು ಅಳಿಸಿ ಕೈಯಿಂದ ಹಾಕಿ ನೋಡಿ.

ಈಗ ಲೆಕ್ಕ. ನಾವು ಟೇಪನ್ನು ಬಾವಿಕಟ್ಟೆಯ ಮೇಲಿನಿಂದ ಇಳಿಬಿಡುತ್ತೇವೆ. ಕಟ್ಟೆಯ ಎತ್ತರ ಬಾವಿಯಿಂದ ಬಾವಿಗೆ ಬೇರೆ, ಕೆಲವಕ್ಕೆ ಕಟ್ಟೆಯೇ ಇಲ್ಲ. ಹಾಗಾಗಿ ನೆಲದಿಂದ ನೀರಿನವರೆಗಿನ ಆಳ ತಿಳಿಯಬೇಕಾದರೆ ಕಟ್ಟೆಯನ್ನು ಕಳೆಯಬೇಕು:

"ಟೇಪು_ಅಳತೆ" - "ಕಟ್ಟೆ_ಎತ್ತರ"

ಮೇ ತಿಂಗಳಲ್ಲಿ 11.4 ಮೀಟರ್ ಆಳದಲ್ಲಿದ್ದ ನೀರು ನವೆಂಬರ್‌ನಲ್ಲಿ 6.9 ಮೀಟರ್‌ಗೆ ಬಂದರೆ ಏರಿಕೆ 4.5 ಮೀಟರ್. ಇಲ್ಲಿ ಹಳೆಯದರಿಂದ ಹೊಸದನ್ನು ಕಳೆಯಬೇಕು, ಏಕೆಂದರೆ ಆಳ ಕಡಿಮೆಯಾದಷ್ಟೂ ನೀರು ಮೇಲೆ ಬಂದಿದೆ. ಈ ಎರಡು ತಿಂಗಳು ನಾವು ಸುಮ್ಮನೆ ಆರಿಸಿದ್ದಲ್ಲ. ಕೇಂದ್ರ ಅಂತರ್ಜಲ ಮಂಡಳಿಯೂ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುವಾಗ ಮಳೆಗಾಲದ ಮುಂಚಿನ ಅಳತೆಯನ್ನೂ ನವೆಂಬರ್ ಅಳತೆಯನ್ನೂ ಹೋಲಿಸಿಯೇ ನೋಡುತ್ತದೆ.

ಕೂಡು, ಕಳೆ, ಗುಣಿಸು, ಭಾಗಿಸು ಚಿಹ್ನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಆವರಣದ ಬಗ್ಗೆ ಹೇಳಲೇಬೇಕು. ದುಂಡು ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ನಾವು ಬರೆಯುವುದು ಹೀಗೆ:

3.1416 * ("ವ್ಯಾಸ" / 2) ^ 2 * "ನೀರಿನ_ಎತ್ತರ"

ಮೇಲ್ಮುಖದ ಬಾಣದಂತಿರುವ ಚಿಹ್ನೆ ಘಾತಕ್ಕೆ. ಅದು ಭಾಗಾಕಾರಕ್ಕಿಂತ ಮೊದಲು ಕೆಲಸ ಮಾಡುತ್ತದೆ. ಆವರಣ ಮರೆತರೆ ವ್ಯಾಸವನ್ನು ಎರಡರಿಂದ ಭಾಗಿಸಿ ವರ್ಗ ಮಾಡುವ ಬದಲು ಎರಡನ್ನೇ ವರ್ಗ ಮಾಡಿ ನಾಲ್ಕರಿಂದ ಭಾಗಿಸುತ್ತದೆ. ಉತ್ತರ ಘನ ಮೀಟರ್‌ನಲ್ಲಿ ಬರುತ್ತದೆ, ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. 3 ಮೀಟರ್ ವ್ಯಾಸದ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28 ಸಾವಿರ ಲೀಟರ್ ನೀರಿರುತ್ತದೆ. ಆವರಣವಿಲ್ಲದ ಸೂತ್ರ ಅದೇ ಬಾವಿಗೆ 9 ಸಾವಿರ ಲೀಟರ್ ಎನ್ನುತ್ತದೆ. ಎರಡೂ ನಂಬುವಂಥ ಅಂಕಿಗಳೇ, ಅದಕ್ಕೇ ಇದು ಅಪಾಯ.

ಮಾತಿನ ಚಿಹ್ನೆಗಳಾದ ಆ್ಯಂಡ್, ಆರ್ ಎರಡರಲ್ಲೂ ಇದೇ ಪಾಠ. ಎರಡು ಊರುಗಳ ಆಳದ ಬಾವಿಗಳು ಬೇಕೆಂದು ನಮ್ಮ ತಂಡದ ಹುಡುಗಿ ಹೀಗೆ ಬರೆದಿದ್ದಳು:

"ಊರು" = 'ಹೊಸಹಳ್ಳಿ' ಆರ್ "ಊರು" = 'ರಾಮನಹಳ್ಳಿ' ಆ್ಯಂಡ್ "ಆಳ" > 10

ಓದುವಾಗ ಸರಿಯಾಗಿಯೇ ಇದೆ. ಆದರೆ ಆ್ಯಂಡ್ ಮೊದಲು ಬೆಸೆಯುತ್ತದೆ, ಆರ್ ಆಮೇಲೆ. ಹಾಗಾಗಿ ರಾಮನಹಳ್ಳಿಯ ಆಳದ ಬಾವಿಗಳ ಜೊತೆಗೆ ಹೊಸಹಳ್ಳಿಯ ಎಲ್ಲ ಬಾವಿಗಳೂ ಬಂದುಬಿಟ್ಟವು. ಆರ್ ಇರುವ ಭಾಗಕ್ಕೆ ಆವರಣ ಹಾಕಿ, ಅದಕ್ಕಿಂತ ಚೆನ್ನಾಗಿ ಇನ್ ಬಳಸಿ:

"ಊರು" ಇನ್ ('ಹೊಸಹಳ್ಳಿ', 'ರಾಮನಹಳ್ಳಿ') ಆ್ಯಂಡ್ "ಆಳ" > 10

ಪಠ್ಯಗಳನ್ನು ಜೋಡಿಸಲು ಎರಡು ನೆಟ್ಟಗೆರೆಗಳ ಚಿಹ್ನೆ ಇದೆ: "ಬಾವಿ_ಹೆಸರು" || ', ' || "ಆಳ" || ' ಮೀ'. ಲೇಬಲ್‌ಗೆ ಇದು ಬಹಳ ಉಪಯೋಗಿ. ಕೂಡು ಚಿಹ್ನೆಯೂ ಕೆಲವೊಮ್ಮೆ ಪಠ್ಯವನ್ನು ಜೋಡಿಸುತ್ತದೆ, ಆದರೆ ಅಂಕಿಗಳು ಬಂದಾಗ ಕೂಡಿಸಿಬಿಡುತ್ತದೆ. ಪಠ್ಯಕ್ಕೆ ಕೂಡು ಚಿಹ್ನೆ ಬಳಸಬೇಡಿ.

ಈ ಜೋಡಣೆ ನಮ್ಮನ್ನು ನಲ್ ಎಂಬ ವಿಷಯಕ್ಕೆ ತಂದು ನಿಲ್ಲಿಸುತ್ತದೆ. ಇಲ್ಲಿ ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಬತ್ತಿದ ಬಾವಿಗೆ ನೀರಿನ ಎತ್ತರ ಸೊನ್ನೆ. ಅಳೆಯದ ಬಾವಿಗೆ ನೀರಿನ ಎತ್ತರ ಗೊತ್ತಿಲ್ಲ. ಈ ಗೊತ್ತಿಲ್ಲದಿರುವಿಕೆಗೆ ಇರುವ ಹೆಸರು ನಲ್. ಸೊನ್ನೆ ಒಂದು ಸಂಗತಿ, ನಲ್ ಒಂದು ಖಾಲಿ ಜಾಗ. ಖಾಲಿ ಇರುವ ಕಡೆ ಸೊನ್ನೆ ತುಂಬಿದರೆ ನೀರಿರುವ ಬಾವಿಯೊಂದನ್ನು ಬತ್ತಿದೆ ಎಂದು ನೀವೇ ಬರೆದಂತೆ.

ನಲ್ ಜೊತೆಗೆ ಏನನ್ನು ಕೂಡಿಸಿದರೂ ಕಳೆದರೂ ಜೋಡಿಸಿದರೂ ಉತ್ತರ ನಲ್. ಮೇಲಿನ ಲೇಬಲ್ ಸೂತ್ರದಲ್ಲಿ ಆಳ ಖಾಲಿಯಿದ್ದರೆ ಬಾವಿಯ ಹೆಸರೂ ಸೇರಿ ಇಡೀ ಲೇಬಲ್ಲೇ ಮಾಯವಾಗುತ್ತದೆ. ಕೊಯಲೆಸ್ ಎಂಬ ಫಂಕ್ಷನ್ ಇದಕ್ಕೆ ಮದ್ದು. ಅದು ಪಟ್ಟಿಯಲ್ಲಿ ಮೊದಲು ಸಿಗುವ, ಖಾಲಿಯಲ್ಲದ ಬೆಲೆಯನ್ನು ಕೊಡುತ್ತದೆ:

"ಬಾವಿ_ಹೆಸರು" || ', ' || ಕೊಯಲೆಸ್("ಆಳ", 'ಅಳೆದಿಲ್ಲ')

ಹೋಲಿಕೆಯಲ್ಲಿಯೂ ನಲ್ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. "ಸ್ಥಿತಿ" <> 'ಬತ್ತಿದೆ' ಎಂದು ಬರೆದರೆ ಬತ್ತದ ಬಾವಿಗಳೆಲ್ಲ ಬರುತ್ತವೆ ಎಂದುಕೊಳ್ಳುತ್ತೇವೆ. ಸ್ಥಿತಿ ತುಂಬದ ಬಾವಿಗಳು ಬರುವುದಿಲ್ಲ. "ಆಳ" = ನಲ್ ಎಂಬ ಸೂತ್ರ ಯಾವ ಬಾವಿಗೂ ನಿಜವಾಗುವುದಿಲ್ಲ. ಖಾಲಿಯನ್ನು ಹುಡುಕಲು "ಆಳ" ಈಸ್ ನಲ್ ಎಂದೇ ಬರೆಯಬೇಕು.

ಇನ್ನು ದಿನಾಂಕ. ನಮ್ಮ ಮೊದಲ ವರ್ಷದ ಅಳತೆಗಳೆಲ್ಲ ನೋಟ್ ಪುಸ್ತಕದಿಂದ ಬಂದವು, ದಿನಾಂಕದ ಕಾಲಂ ಅನ್ನು ಪಠ್ಯವಾಗಿ ತುಂಬಿದ್ದೆವು. ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಇತ್ತೀಚಿನ ಅಳತೆಗಳು ಬೇಕೆಂದು "ದಿನಾಂಕ_ಪಠ್ಯ" > '05/11/2023' ಎಂದು ಬರೆದಾಗ 28/05/2022ರ ಅಳತೆ ಬಂದು ಕೂತಿತ್ತು. ಪಠ್ಯವನ್ನು ತಂತ್ರಾಂಶ ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. ಮೊದಲ ಅಕ್ಷರದಲ್ಲೇ 0ಗಿಂತ 2 ದೊಡ್ಡದು, ಅಲ್ಲಿಗೆ ತೀರ್ಪು ಮುಗಿಯಿತು. ವರ್ಷದವರೆಗೆ ಅದು ಓದುವುದೇ ಇಲ್ಲ.

ಆದ್ದರಿಂದ ಮೊದಲ ಕೆಲಸ ಪಠ್ಯವನ್ನು ನಿಜವಾದ ದಿನಾಂಕವಾಗಿ ಬದಲಿಸುವುದು. ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು ‘ಡೇಟ್’ ಬಗೆಯ ಹೊಸ ಫೀಲ್ಡ್ ಒಂದನ್ನು ಹೇಳಿ, ಸೂತ್ರ ಹೀಗೆ:

ಟು_ಡೇಟ್("ದಿನಾಂಕ_ಪಠ್ಯ", 'ಡಿಡಿ/ಎಂಎಂ/ವೈವೈವೈವೈ')

ಎರಡನೆಯ ಭಾಗ ನಿಮ್ಮ ಪಠ್ಯದ ಮಾದರಿ. ದಿನಕ್ಕೆ ಸಣ್ಣ ಡಿ, ವರ್ಷಕ್ಕೆ ಸಣ್ಣ ವೈ, ತಿಂಗಳಿಗೆ ಮಾತ್ರ ದೊಡ್ಡ ಎಂ. ಸಣ್ಣ ಎಂ ಎಂದರೆ ನಿಮಿಷ. ಈ ಒಂದು ಅಕ್ಷರದ ಗಾತ್ರದಿಂದ ಎಷ್ಟು ಸಂಜೆಗಳು ಹಾಳಾಗಿವೆ ಎಂದು ಲೆಕ್ಕವಿಟ್ಟಿಲ್ಲ. ದಿನಾಂಕವನ್ನು ಪಠ್ಯವಾಗಿ ತೋರಿಸುವ ಫಾರ್ಮ್ಯಾಟ್_ಡೇಟ್ ಫಂಕ್ಷನ್‌ನಲ್ಲಿ ಸಣ್ಣ ಎಂ ಬರೆದು ನೋಡಿ, 15/06/2023 ಎಂಬುದು 15/00/2023 ಎಂದು ಮೂಡುತ್ತದೆ. ತಿಂಗಳ ಜಾಗದಲ್ಲಿ ಸೊನ್ನೆ ಕಂಡರೆ ಅಲ್ಲಿ ಕೂತಿರುವುದು ನಿಮಿಷ.

ಹೊಂದದ ಪಠ್ಯ ಸಿಕ್ಕಾಗ ಟು_ಡೇಟ್ ತಪ್ಪು ತೋರಿಸಿ ನಿಲ್ಲುತ್ತದೆ. ಇಡೀ ಸೂತ್ರವನ್ನು ಟ್ರೈ( ) ಒಳಗೆ ಇಟ್ಟರೆ ಅಂಥ ಸಾಲುಗಳು ನಲ್ ಆಗುತ್ತವೆ, ಉಳಿದವು ತುಂಬುತ್ತವೆ. ಆಮೇಲೆ "ದಿನಾಂಕ_ಪಠ್ಯ" ಈಸ್ ನಾಟ್ ನಲ್ ಆ್ಯಂಡ್ "ದಿನಾಂಕ" ಈಸ್ ನಲ್ ಎಂದು ಹುಡುಕಿದರೆ ಬಿಟ್ಟುಹೋದವು ಕೈಗೆ ಸಿಗುತ್ತವೆ. ನಮಗೆ ಹಾಗೆ ಸಿಕ್ಕಿದ್ದು ‘ಜೂನ್ 5’, ‘ಹಬ್ಬದ ಮಾರನೆ ದಿನ’ ಮುಂತಾದವು. ಅವನ್ನು ನೋಟ್ ಪುಸ್ತಕ ನೋಡಿಯೇ ಸರಿಪಡಿಸಬೇಕು. ಹಳೆಯ ಪಠ್ಯದ ಕಾಲಂ ಅನ್ನು ಅಳಿಸಬೇಡಿ, ಅದು ನಿಮ್ಮ ಸಾಕ್ಷಿ.

ಎರಡಂಕಿಯ ವರ್ಷ ಬರೆದವರಿದ್ದರೆ ಇನ್ನೂ ಒಂದು ಎಚ್ಚರ ಬೇಕು. 5/6/23 ಎಂಬುದನ್ನು ಎರಡು ವೈ ಇರುವ ಮಾದರಿಯಿಂದ ಓದಿಸಿದಾಗ ಅದು 1923ನೆಯ ಇಸವಿ ಆಯಿತು. ಜೂನ್ 20ರಂದು ನಕ್ಷೆ ತೆರೆದರೆ ಒಂದು ಬಾವಿಯನ್ನು ಅಳೆದು 36,540 ದಿನಗಳಾಗಿವೆ ಎಂದು ತೋರಿಸುತ್ತಿತ್ತು. ನಿಜವಾಗಿ ಆಗಿದ್ದದ್ದು 15 ದಿನ. ಇದನ್ನು ಹೀಗೆ ತಿದ್ದಿದೆವು:

ಕೇಸ್ ವೆನ್ ಇಯರ್("ದಿನಾಂಕ") < 2000
ದೆನ್ ಮೇಕ್_ಡೇಟ್(ಇಯರ್("ದಿನಾಂಕ") + 100, ಮಂತ್("ದಿನಾಂಕ"), ಡೇ("ದಿನಾಂಕ"))
ಎಲ್ಸ್ "ದಿನಾಂಕ" ಎಂಡ್

ವೆನ್ ಎಂದರೆ ‘ಹೀಗಿದ್ದರೆ’, ದೆನ್ ಎಂದರೆ ‘ಇದನ್ನು ಕೊಡು’, ಎಲ್ಸ್ ಎಂದರೆ ‘ಇಲ್ಲದಿದ್ದರೆ’. ಇಲ್ಲಿ ಕಂಡ ಇಯರ್, ಮಂತ್, ಡೇ ಮೂರೂ ದಿನಾಂಕದ ಒಂದೊಂದು ತುಂಡನ್ನು ಕೊಡುತ್ತವೆ. ಮೇಕ್_ಡೇಟ್ ಮೂರು ತುಂಡುಗಳನ್ನು ಸೇರಿಸಿ ಮತ್ತೆ ದಿನಾಂಕ ಮಾಡುತ್ತದೆ.

ಒಂದು ಬೇಸಿಗೆ ಕೈತಪ್ಪಿತು ಎಂದೆನಲ್ಲ, ಅದು ಈ ಡೇ ಫಂಕ್ಷನ್ ಅನ್ನು ನಾನು ತಪ್ಪಾಗಿ ತಿಳಿದುಕೊಂಡಿದ್ದರಿಂದ ಆದದ್ದು. ಅಳೆದು ಎಷ್ಟು ದಿನವಾಯಿತು ಎಂಬುದಕ್ಕೆ ನಾನು ಬರೆದದ್ದು ಇದು:

ಡೇ(ನೌ()) - ಡೇ("ದಿನಾಂಕ")

ನೌ ಎಂದರೆ ಈ ಕ್ಷಣ. ಮೇ 10ರಂದು ಅಳೆದ ಬಾವಿಯನ್ನು ಮೇ 24ರಂದು ನೋಡಿದರೆ ಉತ್ತರ 14, ಸರಿಯಾಗಿದೆ. ನಾನು ಪರೀಕ್ಷಿಸಿದ್ದು ಆ ಒಂದೇ ತಿಂಗಳೊಳಗೆ. ಆದರೆ ಏಪ್ರಿಲ್ 28ರಂದು ಅಳೆದದ್ದನ್ನು ಮೇ 4ರಂದು ನೋಡಿದರೆ ನಾಲ್ಕರಿಂದ 28 ಕಳೆದು ಉತ್ತರ -24. ‘30 ದಿನಕ್ಕಿಂತ ಕಡಿಮೆಯಿದ್ದರೆ ಹಸಿರು’ ಎಂಬ ನಿಯಮಕ್ಕೆ -24 ಕೂಡ ಹಸಿರೇ. ಅಷ್ಟೇ ಅಲ್ಲ, ಆ ಸೂತ್ರದ ಉತ್ತರ ಎಂದಿಗೂ 30 ದಾಟಲಾರದು, ಏಕೆಂದರೆ ತಿಂಗಳಲ್ಲಿ 31ಕ್ಕಿಂತ ಹೆಚ್ಚಿನ ತಾರೀಖಿಲ್ಲ. ಬಾವಿಗಳೆಲ್ಲ ಹಸಿರಾಗಿಯೇ ಉಳಿದವು. ನಾವು ನೆಮ್ಮದಿಯಾಗಿದ್ದೆವು.

ಸರಿಯಾದ ಸೂತ್ರಕ್ಕೆ ಏಜ್ ಬೇಕು. ಏಜ್ ಎರಡು ದಿನಾಂಕಗಳ ನಡುವಿನ ಅಂತರವನ್ನು ಕೊಡುತ್ತದೆ. ಹೊಸ ದಿನಾಂಕ ಮೊದಲು, ಹಳೆಯದು ಆಮೇಲೆ:

ಫ್ಲೋರ್(ಡೇ(ಏಜ್(ನೌ(), "ದಿನಾಂಕ")))

ಒಳಗಿನಿಂದ ಹೊರಗೆ ಓದಿ. ಏಜ್ ಕೊಡುವುದು ಸಂಖ್ಯೆಯಲ್ಲ, ಅಂತರ ಎಂಬ ಬೇರೆಯೇ ಬಗೆಯ ಬೆಲೆ. ಅದರ ಮೇಲೆ ಡೇ ಹಾಕಿದರೆ ಆ ಅಂತರದಲ್ಲಿ ಒಟ್ಟು ಎಷ್ಟು ದಿನ ಎಂಬ ಸಂಖ್ಯೆ ಬರುತ್ತದೆ. ಒಂದೇ ಡೇ, ಆದರೆ ದಿನಾಂಕ ಕೊಟ್ಟರೆ ತಾರೀಖು, ಅಂತರ ಕೊಟ್ಟರೆ ಒಟ್ಟು ದಿನ. ನೌ ಒಳಗೆ ಗಂಟೆ ನಿಮಿಷವೂ ಇರುವುದರಿಂದ ಉತ್ತರ 6.46 ಎಂದು ಬರುತ್ತದೆ. ದಶಾಂಶ ಬಿಟ್ಟು ಪೂರ್ಣಾಂಕ ಉಳಿಸಿಕೊಳ್ಳಲು ಫ್ಲೋರ್. ಮಂತ್ ಅನ್ನೂ ಅಂತರದ ಮೇಲೆ ಹಾಕಬಹುದು, ಆದರೆ ಅಲ್ಲಿ ತಿಂಗಳೆಂದರೆ 30 ದಿನ, ಇಯರ್ ಎಂದರೆ 365.25 ದಿನ. ಕ್ಯಾಲೆಂಡರ್ ತಿಂಗಳು ಅಲ್ಲ. ನಾನು ಅಂತರವನ್ನು ಯಾವಾಗಲೂ ದಿನಗಳಲ್ಲೇ ಇಟ್ಟುಕೊಳ್ಳುತ್ತೇನೆ.

ಈ ‘ಎಷ್ಟು ದಿನವಾಯಿತು’ ಎಂಬುದನ್ನು ಕಾಲಂನಲ್ಲಿ ತುಂಬಿಡಬೇಡಿ. ಇಂದು ತುಂಬಿದ 14 ನಾಳೆಯೂ 14 ಆಗಿಯೇ ಇರುತ್ತದೆ, ಅಷ್ಟರಲ್ಲಿ 15 ಆಗಿರುತ್ತದೆ. ನೌ ಇರುವ ಸೂತ್ರದ ಜಾಗ ಬಣ್ಣದ ನಿಯಮ, ಲೇಬಲ್, ಇಲ್ಲವೇ ಪ್ರತಿ ಸಲವೂ ಹೊಸದಾಗಿ ಲೆಕ್ಕವಾಗುವ ವರ್ಚುವಲ್ ಫೀಲ್ಡ್. ನಾವು ಲೇಯರ್‌ನ (ಬಾವಿಗಳ ಪದರದ) ಗುಣಗಳಲ್ಲಿ ‘ರೂಲ್ ಬೇಸ್ಡ್’ ಎಂಬ ಬಗೆಯನ್ನು ಆರಿಸಿ ನಾಲ್ಕು ನಿಯಮ ಇಟ್ಟಿದ್ದೇವೆ. 30 ದಿನದೊಳಗಿದ್ದರೆ ಹಸಿರು, 30 ದಾಟಿ 60ರವರೆಗೆ ಹಳದಿ, ಅದರಾಚೆ ಕೆಂಪು. ನಾಲ್ಕನೆಯದೇ ಮುಖ್ಯವಾದದ್ದು: "ದಿನಾಂಕ" ಈಸ್ ನಲ್ ಆದರೆ ಬೂದು. ಇದಿಲ್ಲದಿದ್ದರೆ ಒಮ್ಮೆಯೂ ಅಳೆಯದ ಬಾವಿ ಯಾವ ನಿಯಮಕ್ಕೂ ಸಿಗದೆ ನಕ್ಷೆಯಿಂದಲೇ ಮರೆಯಾಗುತ್ತದೆ. ಮೊದಲು ಕಾಣಬೇಕಾದದ್ದು ಅದೇ ಬಾವಿ.

ಮೊಬೈಲ್‌ನಲ್ಲಿ ಅಳತೆ ತುಂಬಲು ಆರಂಭಿಸಿದ ಮೇಲೆ ಹೊಸದೊಂದು ವಿಚಿತ್ರ ಕಂಡಿತು. ರೈತರು ಮೋಟಾರ್ ಹಾಕುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಇಳಿದ ಮಟ್ಟ ಸಿಗುತ್ತದೆ. ಹಾಗಾಗಿ ನಮ್ಮ ಹುಡುಗರು ಟಾರ್ಚ್ ಹಿಡಿದು ಬೆಳಗಿನ ಐದಕ್ಕೇ ಬಾವಿಯ ಬಳಿ ಇರುತ್ತಾರೆ. ಅವರ ಅಳತೆಗಳೆಲ್ಲ ಹಿಂದಿನ ದಿನದ ದಿನಾಂಕದಲ್ಲಿ ಬರುತ್ತಿದ್ದವು, ಏಳು ಗಂಟೆಗೆ ಅಳೆದವರದು ಮಾತ್ರ ಸರಿಯಾಗಿತ್ತು. ನಾವು ಬಳಸಿದ ಆ್ಯಪ್ ಸಮಯವನ್ನು ಜಾಗತಿಕ ಪ್ರಮಾಣ ಕಾಲದಲ್ಲಿ ಬರೆದಿಡುತ್ತಿತ್ತು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ 5:10 ಅಲ್ಲಿ ಹಿಂದಿನ ರಾತ್ರಿಯ 11:40. ಪರಿಹಾರ ಒಂದು ಸಾಲಿನದು:

"ಸಮಯ" + ಟು_ಇಂಟರ್ವಲ್('5 ಅವರ್ಸ್ 30 ಮಿನಿಟ್ಸ್')

ಸಮಯಕ್ಕೆ ಅಂತರವನ್ನು ಕೂಡು ಚಿಹ್ನೆಯಿಂದಲೇ ಸೇರಿಸಬಹುದು, ಕಳೆ ಚಿಹ್ನೆಯಿಂದ ಕಳೆಯಬಹುದು. ಮೊದಲು ಈ ತಿದ್ದುಪಡಿ ಮಾಡಿ, ಆಮೇಲೆ ದಿನಾಂಕವನ್ನು ಬೇರ್ಪಡಿಸಿ. ಈ ಕ್ರಮ ತಿರುವುಮುರುವಾದರೆ ಪ್ರಯೋಜನವಿಲ್ಲ. ನಿಮ್ಮ ಆ್ಯಪ್ ಸ್ಥಳೀಯ ಸಮಯವನ್ನೇ ಬರೆಯುತ್ತಿದ್ದರೆ ಇದು ಬೇಡವೇ ಬೇಡ. ಗೋಡೆ ಗಡಿಯಾರ ನೋಡಿ ಒಂದು ಅಳತೆ ತುಂಬಿ, ಎರಡನ್ನೂ ಹೋಲಿಸಿ ತೀರ್ಮಾನಿಸಿ.

ನೀರಿನ ವರ್ಷವನ್ನು ಜೂನ್ 1ರಿಂದ ಮೇ 31ರವರೆಗೆ ಎಣಿಸುತ್ತೇವೆ. ಜನವರಿಯ ಅಳತೆ ಹಿಂದಿನ ಮುಂಗಾರಿಗೆ ಸೇರಬೇಕು. ಅದಕ್ಕೆ:

ಕೇಸ್ ವೆನ್ ಮಂತ್("ದಿನಾಂಕ") >= 6 ದೆನ್ ಇಯರ್("ದಿನಾಂಕ") ಎಲ್ಸ್ ಇಯರ್("ದಿನಾಂಕ") - 1 ಎಂಡ್

6ರ ಬದಲು 4 ಹಾಕಿದರೆ ಇದೇ ಸೂತ್ರ ಹಣಕಾಸು ವರ್ಷಕ್ಕೆ ಒದಗುತ್ತದೆ. ಪಂಚಾಯಿತಿಯ ಕಾಮಗಾರಿಗಳನ್ನು ನಕ್ಷೆಗೆ ತರುವವರಿಗೆ ಅದು ಬೇಕಾಗುತ್ತದೆ.

ಆದರೆ ನಮ್ಮ ಕಡೆಯ ಬಾವಿಗಳ ಒಡೆಯರು ಜೂನ್, ಜುಲೈ ಎಂದು ಮಾತಾಡುವುದಿಲ್ಲ. ತೋಟದ ಬಾವಿಯೊಂದರ ಒಡತಿ ಅಜ್ಜಿ, ನಾನು ಅಳತೆಯ ಪಟ್ಟಿ ಓದಿ ಹೇಳಿದಾಗ, “ತಾರೀಖು ತಗೊಂಡು ನಾನೇನು ಮಾಡಲಪ್ಪ, ಯಾವ ಮಳೆಯಲ್ಲಿ ಅಳೆದೆ ಹೇಳು” ಎಂದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವವರ ಕಾಲಗಣನೆ ಅದು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ ಒಂದೊಂದು ಮಳೆ. ಸೂರ್ಯನ ಲೆಕ್ಕವಾದ್ದರಿಂದ ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಹಾಗಾದರೆ ಸೂತ್ರಕ್ಕೆ ಒಗ್ಗಲೇಬೇಕು ಎಂದುಕೊಂಡು ಅಂದು ರಾತ್ರಿಯೇ ಕೂತೆ.

ಮೊದಲು ವರ್ಷವನ್ನು ಬಿಟ್ಟು ತಿಂಗಳು, ತಾರೀಖು ಎರಡನ್ನೂ ಒಂದೇ ಸಂಖ್ಯೆಯಾಗಿಸಬೇಕು. ತಿಂಗಳನ್ನು ನೂರರಿಂದ ಗುಣಿಸಿ ತಾರೀಖನ್ನು ಕೂಡಿಸಿದರೆ ಸಾಕು. ಜೂನ್ 15 ಎಂದರೆ 615, ಅಕ್ಟೋಬರ್ 3 ಎಂದರೆ 1003. ಇದನ್ನು "ತಿಂತಾ" ಎಂಬ ವರ್ಚುವಲ್ ಫೀಲ್ಡ್ ಮಾಡಿಕೊಂಡೆ:

ಮಂತ್("ದಿನಾಂಕ") * 100 + ಡೇ("ದಿನಾಂಕ")

ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ:

ಕೇಸ್
ವೆನ್ "ತಿಂತಾ" >= 913 ದೆನ್ 'ಉತ್ತರೆಯಿಂದ ಮುಂದೆ'
ವೆನ್ "ತಿಂತಾ" >= 830 ದೆನ್ 'ಹುಬ್ಬೆ'
ವೆನ್ "ತಿಂತಾ" >= 817 ದೆನ್ 'ಮಘೆ'
ವೆನ್ "ತಿಂತಾ" >= 803 ದೆನ್ 'ಆಶ್ಲೇಷ'
ವೆನ್ "ತಿಂತಾ" >= 720 ದೆನ್ 'ಪುಷ್ಯ'
ವೆನ್ "ತಿಂತಾ" >= 706 ದೆನ್ 'ಪುನರ್ವಸು'
ವೆನ್ "ತಿಂತಾ" >= 622 ದೆನ್ 'ಆರಿದ್ರೆ'
ವೆನ್ "ತಿಂತಾ" >= 608 ದೆನ್ 'ಮೃಗಶಿರ'
ವೆನ್ "ತಿಂತಾ" >= 525 ದೆನ್ 'ರೋಹಿಣಿ'
ಎಂಡ್

ಈ ಉತ್ತರವನ್ನು "ಮಳೆ" ಎಂಬ ಫೀಲ್ಡ್ ಮಾಡಿಕೊಂಡೆ. ಜಾಗ ಉಳಿಸಲು ಎರಡೂ ತುದಿಗಳನ್ನು ಇಲ್ಲಿ ಮೊಟಕು ಮಾಡಿದ್ದೇನೆ. ನಮ್ಮ ಕಡತದಲ್ಲಿ ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರ್‌ನ ವಿಶಾಖೆಯವರೆಗೆ ಹದಿನಾರೂ ಇವೆ. ಕೇಸ್ ಮೇಲಿನಿಂದ ಓದುತ್ತದೆ, ಮೊದಲು ನಿಜವಾದ ಸಾಲಿನಲ್ಲೇ ನಿಲ್ಲುತ್ತದೆ. ಅದಕ್ಕೇ ದೊಡ್ಡ ಸಂಖ್ಯೆ ಮೇಲಿರಬೇಕು. ರೋಹಿಣಿಯನ್ನು ಮೇಲಕ್ಕೆ ಹಾಕಿದರೆ ಮೇ 25ರ ನಂತರದ ಪ್ರತಿ ಅಳತೆಯೂ ರೋಹಿಣಿಯೇ ಆಗುತ್ತದೆ. ಒಂದೊಂದು ವರ್ಷ ಮಳೆ ಹುಟ್ಟುವ ತಾರೀಖು ಒಂದು ದಿನ ಆಚೀಚೆ ಆಗುವುದರಿಂದ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಸಂಖ್ಯೆಗಳನ್ನು ನೋಡಿ ತಿದ್ದಿಕೊಳ್ಳುತ್ತೇನೆ.

ಲೇಬಲ್‌ನ ತಾರೀಖನ್ನು ಕನ್ನಡದಲ್ಲಿ ತೋರಿಸುವುದಕ್ಕೂ ದಾರಿ ಇದೆ. ಫಾರ್ಮ್ಯಾಟ್_ಡೇಟ್‌ಗೆ ಮೂರನೆಯ ಭಾಗವಾಗಿ ಭಾಷೆಯ ಸಂಕೇತ ಕೊಡಬಹುದು. ಕನ್ನಡಕ್ಕೆ ಕೆ, ಎನ್ ಎಂಬ ಎರಡು ಸಣ್ಣ ಅಕ್ಷರ. ಮಾದರಿಯಲ್ಲಿ ನಾಲ್ಕು ಡಿ ಇಟ್ಟರೆ ವಾರದ ಹೆಸರು, ನಾಲ್ಕು ದೊಡ್ಡ ಎಂ ಇಟ್ಟರೆ ತಿಂಗಳ ಪೂರ್ತಿ ಹೆಸರು:

"ಮಳೆ" || ' ಮಳೆ, ' || ಫಾರ್ಮ್ಯಾಟ್_ಡೇಟ್("ದಿನಾಂಕ", 'ಡಿಡಿಡಿಡಿ, ಡಿ ಎಂಎಂಎಂಎಂ', 'ಕೆಎನ್')

15/06/2023ಕ್ಕೆ ಇದು ‘ಮೃಗಶಿರ ಮಳೆ, ಗುರುವಾರ, 15 ಜೂನ್’ ಎಂದು ಬರೆಯಿತು. ಪರದೆಯ ಮೇಲೆ ಗುರುವಾರ ಎಂದು ಕನ್ನಡದಲ್ಲಿ ಮೂಡಿದ್ದನ್ನು ಕಂಡು ಆ ರಾತ್ರಿ ನಾನು ಬಹಳ ಹೊತ್ತು ಹಾಗೇ ನೋಡುತ್ತ ಕೂತಿದ್ದೆ.

ಮರುದಿನ ನಕ್ಷೆಯನ್ನು ಮುದ್ರಿಸಿ ಅಜ್ಜಿಯ ಮನೆಗೆ ಒಯ್ದೆ. ಮೊಮ್ಮಗಳು ತನ್ನ ಬಾವಿಯ ಬಿಂದುವನ್ನು ಹುಡುಕಿ ಗಟ್ಟಿಯಾಗಿ ಓದಿದಳು. ಅಜ್ಜಿ ಕೇಳಿಸಿಕೊಂಡು, “ಮೃಗಶಿರದಲ್ಲಿ ಅಷ್ಟೇ ಇತ್ತು, ಸರಿ. ಮತ್ತೆ ಯಾವಾಗ ಬರುತ್ತೀಯ?” ಎಂದರು. ಅದಕ್ಕೂ ಒಂದು ಸಾಲು ಸೇರಿಸಿದೆ. "ದಿನಾಂಕ" + ಟು_ಇಂಟರ್ವಲ್('14 ಡೇಸ್') ಎಂದರೆ ಜೂನ್ 29, ಸೂತ್ರದ ಪ್ರಕಾರ 629. “ಆರಿದ್ರೆಯಲ್ಲಿ ಬರುತ್ತೇನೆ ಅಜ್ಜಿ” ಎಂದೆ. ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ 29ರ ಸುತ್ತ ಪೆನ್ನಿನಿಂದ ಒಂದು ಸುತ್ತು ಹಾಕಿದಳು.